ಹೆಸರು ಅಚ್ಚಾಗದ ಪೆಟ್ಟಿಗೆಗಳು

ನಮ್ಮ ಸೋದರಮಾವ ರಟ್ಟಿನ ಪೆಟ್ಟಿಗೆ ಮಾಡುವವನು. ಎರಡು ಯಂತ್ರ, ಒಂದು ಗಾಡಿ, ಮೂಗಿಗೆ ಅಡರುವ ಗೋಂದಿನ ವಾಸನೆ, ಇಷ್ಟೇ ಅವನ ಕಾರ್ಖಾನೆ. ಮಾತು ಕೇಳಿದರೆ ಮಾತ್ರ ದೇಶದ ಹಣಕಾಸೆಲ್ಲ ಅವನ ಅಂಗೈಯಲ್ಲೇ ಇದೆ ಅನ್ನಿಸಬೇಕು. ಯಾವ ಸಾಮಾನು ಮಾರಾಟಕ್ಕೆ ಹೊರಟರೂ ಮೊದಲು ಪೆಟ್ಟಿಗೆ ಬೇಕು, ಹಾಗಾಗಿ ಮಾರುಕಟ್ಟೆಯ ಏಳುಬೀಳು ಪೇಪರಿನ ಪಂಡಿತರಿಗಿಂತ ತನಗೇ ಮುಂಚೆ ಗೊತ್ತಾಗುತ್ತದೆ ಎಂಬುದು ಅವನ ವಾದ. ಎರಡು ಸಲ ಅವನು ಹೇಳಿದಂತೆಯೇ ಆಗಿತ್ತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಆ ವರ್ಷ ಬಡ್ಡಿ ಏರಿತ್ತು, ಬೆಲೆ ಏರಿತ್ತು, ಶೇರುಪೇಟೆ ದಿನಕ್ಕೊಂದು ಆಟ ಆಡುತ್ತಿತ್ತು. ಅಮ್ಮ ಮೂವತ್ತನಾಲ್ಕು ವರ್ಷ ನರ್ಸಾಗಿ ದುಡಿದು ಆಗಷ್ಟೇ ನಿವೃತ್ತಳಾಗಿದ್ದಳು. ಕೈಗೆ ಬಂದ ಇಡಿಗಂಟನ್ನು ಏನು ಮಾಡಲಿ ಎಂದು ತಮ್ಮನನ್ನು ಕೇಳಿದಳು. ಅವನ ಆರ್ಡರುಗಳು ಒಂದೇ ತಿಂಗಳಲ್ಲಿ ದುಪ್ಪಟ್ಟಾಗಿದ್ದವು.

"ಕಣ್ಮುಚ್ಕೊಂಡು ಶೇರಿಗೆ ಹಾಕಕ್ಕ, ನಾನಿದೀನಲ್ಲ" ಅಂದ.

ಒಂದು ಗುರುವಾರ ಡ್ರೈವರ್ ಬರಲಿಲ್ಲ. ಮಾವನೇ ಗಾಡಿ ಹೊರಡಿಸಿದ, ನಾನೂ ಹತ್ತಿದೆ. ಹೋದದ್ದು ದೊಡ್ಡದೊಂದು ಕಚೇರಿಗೆ. ನಾವು ಇಳಿಸಿ ಮುಗಿಸುವ ಮುಂಚೆಯೇ ಅಲ್ಲಿನವರು ಪೆಟ್ಟಿಗೆಗಳನ್ನು ನಮ್ಮ ಕೈಯಿಂದ ತೆಗೆದುಕೊಂಡು ಚಹಾದ ಲೋಟ, ಮಕ್ಕಳ ಫೋಟೋ, ಮೇಜಿನಡಿಯ ಚಪ್ಪಲಿ ತುಂಬತೊಡಗಿದರು. ಒಬ್ಬ ಹೆಂಗಸು ಮಾವನ ಹತ್ತಿರ ಟೇಪ್ ಕೇಳಿದಳು.

"ಇವತ್ತೇ ಕೊನೆ ದಿನ. ಎಲ್ಲರನ್ನೂ ತೆಗೆದ್ರು" ಅಂದಳು.

ಮಾವ ಕೈಲಿದ್ದ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಾಮಾನು ತುಂಬುವ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಆ ತಿಂಗಳು ಬಂದ ಹೊಸ ಆರ್ಡರುಗಳೆಲ್ಲ ಹೆಸರಿಲ್ಲದ ಬರೀ ಪೆಟ್ಟಿಗೆಗಳು. ಶಾಯಿಯ ಖರ್ಚು ಉಳಿಯಿತು ಎಂದು ಹಿಗ್ಗಿದ್ದನೇ ಹೊರತು, ಅದರೊಳಗೆ ಏನು ಹೋಗುತ್ತದೆಂದು ಈ ಮಹಾನುಭಾವ ಯೋಚಿಸಿರಲಿಲ್ಲ.

ಮೆಟ್ಟಿಲ ಮೇಲೇ ನಿಂತು ಅಮ್ಮನಿಗೆ ಫೋನ್ ಮಾಡಿ, ದುಡ್ಡು ಹಾಕಿದೆಯಾ ಎಂದು ಕೇಳಿದ. ಸೋಮವಾರವೇ ಶೇರು ದಲ್ಲಾಳಿಗಳ ಕಚೇರಿಗೆ ಹೋಗಿ ಪೂರ್ತಿ ಹಾಕಿ ಬಂದೆ, ಯಾಕೆ ಎಂದು ಅವಳು ಕೇಳಿದಳು.

"ಏನಿಲ್ಲಕ್ಕ, ಸುಮ್ನೆ ಕೇಳ್ದೆ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಅವನ ಮುಖ ನೋಡಿ ಹೆದರಿಕೆಯಾಯಿತು.

ಕಾರ್ಖಾನೆಗೆ ವಾಪಸು ಬಂದಾಗ ಯಂತ್ರ ನಡೆಸುವ ಹೆಂಗಸು ನಗುನಗುತ್ತಾ ಚೀಟಿ ಕೊಟ್ಟಳು. ಮತ್ತೆ ಇನ್ನೂರು ಪೆಟ್ಟಿಗೆ, ಅಚ್ಚು ಬೇಡ, ನಾಳೆಯೇ ಬೇಕಂತೆ. ಮಾವ ಓದಿ ನನ್ನ ಕೈಗೆ ದಾಟಿಸಿದ. ವಿಳಾಸ ನೋಡಿದೆ. ಸೋಮವಾರ ಅಮ್ಮ ಸಹಿ ಹಾಕಿ ಬಂದ ಕಚೇರಿ ಅದು.