ಖಂಡೆ ಪೂಜೆಗೆ ನಿಂತ ಫ್ರಿಜ್

ಕೊಲ್ಹಾರದ ರಾಜಶ್ರೀ ಎಂಥ ಅಂಜುಬುರುಕಿ ಎಂದರೆ, ಇಂಡಿ ಊರಿನ ಪ್ರಯೋಗಾಲಯದಲ್ಲಿ ನೌಕರಿ ಸಿಕ್ಕಿದ್ದನ್ನೂ ಅವ್ವನ ಬೆನ್ನ ಹಿಂದೆ ನಿಂತು ಅಪ್ಪನಿಗೆ ಹೇಳಿದವಳು. ಎಮ್ಮೆಸ್ಸಿ ಓದಿದವಳಿಗೆ ಇಷ್ಟು ಪುಕ್ಕಲುತನ ಯಾಕೆ ಬೇಕಿತ್ತೋ! ಆದರೆ ಕೆಲಸಕ್ಕೆ ಕುಳಿತರೆ ಅವಳ ಕೈ ನಡುಗುತ್ತಿರಲಿಲ್ಲ.

ಅದು ಎರಡು ಸಾವಿರದ ಐದನೇ ಇಸವಿ. ನಿಂಬೆ ಗಿಡದ ರೋಗವನ್ನು ಬೇಗ ಪತ್ತೆ ಹಚ್ಚುವ ಪರೀಕ್ಷೆಗೆ ಒಂದು ಪ್ರೋಟೀನ್ ಬೇಕಿತ್ತು. ಅದು ಬೆಚ್ಚಗಿದ್ದರೆ ಒಂಟಿಯಾಗಿ ನೀರಿನಲ್ಲಿ ಕರಗಿ ನಿಲ್ಲುವಂಥದ್ದಲ್ಲ. ಅದಕ್ಕೇ ಇನ್ನೊಂದು ದೊಡ್ಡ ಪ್ರೋಟೀನನ್ನು ಬಾಲದಂತೆ ಜೋಡಿಸಿ ಬೆಳೆಸಿ, ಶುದ್ಧ ಮಾಡಿ, ಕೊನೆಗೆ ಬಾಲ ಕತ್ತರಿಸಬೇಕು. ಕತ್ತರಿಸುವ ಕಿಣ್ವ ಮೂಲದಲ್ಲಿ ತಂಬಾಕು ಗಿಡದ ವೈರಸ್ಸಿನದು. ಈಗ ಅದನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಾರೆ. ಫ್ರಿಜ್ಜಿನ ತಂಪಿನಲ್ಲಿ ಅದು ನಿಧಾನವಾಗಿ ಕತ್ತರಿಸುತ್ತದೆ, ಪ್ರೋಟೀನೂ ಕೆಡುವುದಿಲ್ಲ. ಹಿಂದೆ ಎರಡು ಸಲ ಅವಳ ಪ್ರಯತ್ನ ಕೆಟ್ಟಿತ್ತು. "ಈ ಸಲಾನೂ ಕೆಟ್ರ ನೀವು ಊರಿಗೆ ಹೋಗೂದ ಛಲೋ," ಎಂದಿದ್ದರು ಮಾಲೀಕ ಸಂಜೀವಕುಮಾರ.

ಆಯುಧ, ಉಪಕರಣಗಳಿಗೆ ಖಂಡೆ ಪೂಜೆ ನಡೆಯುವ ಮಹಾನವಮಿಯ ಸಂಜೆ ಕಿಣ್ವ ಬೆರೆಸಿದ ನಳಿಗೆಯನ್ನು ಫ್ರಿಜ್ಜಿನಲ್ಲಿಟ್ಟು ಹೋದಳು. ದಶಮಿಯ ಸಂಜೆ ಬಂದರೆ ಫ್ರಿಜ್ಜಿಗೆ ವಿಭೂತಿ, ಚೆಂಡುಹೂವಿನ ಹಾರ. ಪ್ಲಗ್ ಕಿತ್ತಿತ್ತು.

"ಪೂಜಿ ಮಾಡಿದ ಮಷಿನ್ನ ದುಡಸಬಾರದವಾ ತಂಗಿ," ಎಂದ ರೇವಣಪ್ಪ. ಮಸೂತಿ ಊರಿನ ಕುರುಬರ ಮನೆಯ ಹಿರಿಯ. ಇಲ್ಲಿ ಕಸ ಗುಡಿಸಿ ಬಾಟಲಿ ತೊಳೆಯುತ್ತಿದ್ದ. "ನಮ್ಮ ಮನ್ಯಾಗ ಖಂಡೆ ಪೂಜಿ ಆತಂದ್ರ ಕುರಿ ಉಣ್ಣೆ ಕತ್ತರಸೂ ಕತ್ತರಿನೂ ಮುಟ್ಟೂದಿಲ್ಲ. ಇದೂ ಒಂದಿನ ದಣಿವಾರಿಸಿಕೊಳ್ಳಲಿ ಅಂತ ನಿನ್ನಿ ರಾತ್ರಿನ ಬಂದ್ ಮಾಡೇನಿ."

ನಳಿಗೆಯನ್ನು ಬೆಳಕಿಗೆ ಹಿಡಿದಳು. ತಿಳಿಯಾಗಿರಬೇಕಾದದ್ದು ಒಡೆದ ಹಾಲಿನಂತಾಗಿತ್ತು. ಸೆಕೆಗೆ ಕಿಣ್ವ ಬಿರುಸಾಗಿ ಬಾಲ ಕತ್ತರಿಸಿರಬೇಕು; ಬಾಲ ಹೋದ ಪ್ರೋಟೀನ್ ಗಂಟುಕಟ್ಟಿ ತಳ ಸೇರಿತ್ತು. ಏನಾಯಿತೆಂದು ಅವಳು ಹೇಳಿದಾಗ ರೇವಣಪ್ಪನ ಮುಖ ಬಿಳಿಚಿತು.

"ಸಾಹೇಬ್ರು ನನ್ನ ಉಳಸೂದಿಲ್ಲವಾ. ಮನ್ಯಾಗ ಮಂದಿ ನನ್ನ ನೆಚ್ಚಿ ಕುಂತೈತಿ."

ಅಷ್ಟರಲ್ಲಿ ಬನ್ನಿ ಕೊಡಲು ಸಂಜೀವಕುಮಾರರೇ ಬಂದರು. ಕೈಯಲ್ಲಿ ಬನ್ನಿ ಎಲೆ, ಮುಖದಲ್ಲಿ ಹಬ್ಬದ ಕಳೆ. ನಳಿಗೆ ಕಂಡದ್ದೇ ಆ ಕಳೆ ಇಳಿಯಿತು.

"ಫ್ರಿಜ್ ಬಂದ್ ಮಾಡಿದವರ‍್ಯಾರು?"

ರೇವಣಪ್ಪ ಫ್ರಿಜ್ಜಿನ ಹಾರದತ್ತ ನೋಡಿದ. ರಾಜಶ್ರೀ ಅವನ ಮುಂದೆ ಬಂದು ನಿಂತಳು. ಇದ್ದದ್ದು ಇದ್ದಂತೆ ಹೇಳಬಾರದೇ, ಮಹಾರಾಯ್ತಿ!

"ನಾನ ರೀ ಸರ್," ಎಂದಳು. "ಪೂಜಿ ಮಾಡಿ ಬಂದ್ ಮಾಡೇನಿ."

"ನಾಳಿಂದ ಬರಬ್ಯಾಡ್ರಿ."

ರೇವಣಪ್ಪನ ಕೈಗೆ ಬನ್ನಿ ಇಟ್ಟು, "ಬಂಗಾರದಂಗ ಇರೂಣಪಾ," ಎಂದರು. ಅವಳ ಪಾಲಿನದನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಅವರು ಹೋದ ಮೇಲೆ ರೇವಣಪ್ಪ ತನ್ನ ಬನ್ನಿಯನ್ನು ಅವಳ ಅಂಗೈಯಲ್ಲಿಟ್ಟ. ದಶಮಿಯಂದು ಕಿರಿಯರು ಹಿರಿಯರಿಗೆ ಬಾಗುವುದು ಪದ್ಧತಿ. ಅಪ್ಪನ ವಯಸ್ಸಿನ ಆ ಮನುಷ್ಯ ಬಾಗಿ ಅವಳ ಕಾಲು ಮುಟ್ಟಿದ.