ಬುಶ್ಶಿಗೆ ಇಳಿಯದ ಏಳು ಪಿನ್ನು

ಅಕ್ಷರ ಸೊಟ್ಟಗಿವೆ, ಮಾತಿಗೂ ಒಪ್ಪವಿಲ್ಲ, ಓದುವವರು ಸಿಟ್ಟಾಗಬಾರದು. ಸೋನಾಬಾಯಿಯ ಸಂಗತಿಯನ್ನು ಇದ್ದದ್ದು ಇದ್ದಂತೆ ಇಲ್ಲಿ ಬರೆದಿದೆ.

ತಿಕೋಟಾದ ಸೋನಾಬಾಯಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತಂದೆ ಧೂಳಪ್ಪ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬಸಗೊಂಡಪ್ಪನವರ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಾನೆ. ೧೯೬೪ರಿಂದೀಚೆಗೆ ಅವನಿಗೆ ದಪ್ಪ ಅಳೆಯುವ ಮೈಕ್ರೋಮೀಟರಿನ ಸಣ್ಣ ಗೆರೆಗಳು ಕಾಣುವುದಿಲ್ಲ. ನಕ್ಷೆ ಓದುವುದು, ಅಳೆಯುವುದು ಮಗಳ ಕೆಲಸವಾಯಿತು. ಒಂದೊಂದು ಪಿನ್ನನ್ನೂ ಮೂರು ಕಡೆ ಅಳೆಯುತ್ತಾಳೆ. ಸಂಶಯ ಬಂದರೆ ಮತ್ತೆ ಮೂರು ಕಡೆ.

ಈ ಸಲ ಬಬಲೇಶ್ವರದ ಪಂಪುಗಳಿಗೆ ಹನ್ನೆರಡು ಉದ್ದನೆಯ ಉಕ್ಕಿನ ಪಿನ್ನು ಬೇಕಾಗಿದ್ದವು. ನಕ್ಷೆಯಲ್ಲಿದ್ದದ್ದು ದಪ್ಪವೊಂದೇ: ಹನ್ನೆರಡು ಮಿಲಿಮೀಟರ್ ಮೀರಬಾರದು, ಕೂದಲೆಳೆಯಷ್ಟು ಕಡಿಮೆಯಾದರೆ ನಡೆಯುತ್ತದೆ. ಎಲ್ಲವೂ ಸರಿ ಇದ್ದವು. ಆದರೆ ಗಾಜಿನ ಮೇಲೆ ಉರುಳಿಸಿದಾಗ ಒಂಬತ್ತು ಪಿನ್ನು ನೆಟ್ಟಗೆ ಉರುಳದೆ ಕುಂಟಿದ್ದನ್ನು ಅವಳು ಕಂಡಿದ್ದಳು. ನಕ್ಷೆ ಕೇಳದ್ದನ್ನು ಹೇಳಲು ಸಂಕೋಚವಾಗಿ ಸುಮ್ಮನಾದಳು.

ಪಿನ್ನು ಕಳಿಸಿದ ನಾಲ್ಕನೆಯ ದಿನ ಬಸಗೊಂಡಪ್ಪನವರು ಏಳು ಪಿನ್ನು, ಪಿನ್ನು ತೂರಬೇಕಾದ ಕೊಳವೆಯಂಥ ಒಂದು ಬುಶ್ಶು ತಂದು ಮೇಜಿನ ಮೇಲೆ ಸುರಿದರು.

“ಇವು ಪಿನ್ನೋ, ಜ್ವಾಳದ ದಂಟೋ, ಧೂಳಪ್ಪಾ? ಅರ್ಧಕ್ಕ ಸಿಗಬೀಳ್ತಾವ. ಸೋಮವಾರದಿಂದ ಲೇತ್ ಬ್ಯಾರೆಯವ್ರು ನಡಸ್ತಾರ. ನೀ ಕಸಾ ಹೊಡಕೋತ ಇರು.”

“ದಪ್ಪ ಸರಿ ಐತ್ರಿ ಸಾಹುಕಾರ್ರ. ಮಗಳು ಅಳದಾಳ.”

“ಕಣ್ಣು ಆಕೀದು. ಇನ್ನ ಕೈನೂ ಆಕೀದ ಮಾಡ್ತಿಯೇನು?”

ಸೋನಾಬಾಯಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಿನ್ನು ಎತ್ತಿದಳು, ಇಟ್ಟಳು, ಮತ್ತೆ ಅಳೆದಳು. ಏಳೂ ಪೂರಾ ಹನ್ನೆರಡು. ಬುಶ್ಶಿಗಿಳಿದ ಉಳಿದ ಐದರ ಅಳತೆ ಪಾಟಿಯ ಮೇಲಿತ್ತು: ಎಲ್ಲವೂ ತುಸು ಸಣ್ಣ. ಅವುಗಳಲ್ಲೂ ಎರಡು ಕುಂಟುತ್ತಿದ್ದವಲ್ಲ! ಸಣ್ಣದಾದದ್ದರ ಡೊಂಕಿಗೆ ತೂತಿನಲ್ಲಿ ಜಾಗ ಸಿಕ್ಕಿತ್ತು. ಪೂರಾ ದಪ್ಪ ಇದ್ದದ್ದು ಪೂರಾ ನೆಟ್ಟಗೇ ಇರಬೇಕಿತ್ತು.

“ತಪ್ಪು ನಂದ್ರೀ,” ಎಂದಳು. “ಕುಂಟಿದ್ದು ನೋಡಿದ್ನಿರಿ. ಹೇಳಲಿಲ್ಲ.”

“ಬಾಯಾಗ ಏನಿಟ್ಕೊಂಡಿದ್ದಿ, ಯವ್ವಾ?” ಎಂದರು ಬಸಗೊಂಡಪ್ಪನವರು.

ಅವಳು ಒಂದು ಪಿನ್ನು ಉರುಳಿಸಿ, ಉಬ್ಬಿದಲ್ಲಿ ಸೀಮೆಸುಣ್ಣ ಹಚ್ಚಿ ತಂದೆಗೆ ಕೊಟ್ಟಳು. ಧೂಳಪ್ಪ ಅದನ್ನು ಎರಡು ಕಟ್ಟಿಗೆ ತುಂಡಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಉರುಳಿಸುವುದು, ಬಡಿಯುವುದು ಆರು ಸಲ ನಡೆಯಿತು. ಏಳನೆಯ ಸಲಕ್ಕೆ ಪಿನ್ನು ಬುಶ್ಶಿನಲ್ಲಿ ತೂರಿ ಆಚೆ ಬಂತು.

ಬಸಗೊಂಡಪ್ಪನವರು ಅದನ್ನು ತಾವೇ ಎರಡು ಸಲ ಹಾಕಿ ತೆಗೆದು ನೋಡಿದರು. “ಉಳಿದ ಆರೂ ಹಿಂಗ ಇಳೀಲಿ. ಆಮ್ಯಾಲ ಲೇತಿನ ಮಾತು.”

ನಾಳೆ ಬೆಳಿಗ್ಗೆ ಸೋನಾಬಾಯಿ ಆ ಆರನ್ನೂ ಉರುಳಿಸಿ ನೋಡುತ್ತಾಳೆ. ಕುಂಟಿದ ಜಾಗವನ್ನು ತಂದೆಗೆ ಬಾಯಿಬಿಟ್ಟು ಹೇಳುತ್ತಾಳೆ.