ಹೊತ್ತಲೊಲ್ಲದ ಒಲೆ

ಗಿಣಿಗೇರಾದ ನಮ್ಮ ಖಾನಾವಳಿಗೆ ಪೆಲೆಟ್ ಒಲೆ ಬಂದದ್ದು ನನ್ನ ಹಟದಿಂದ. ಪಾಳಿ ಮುಗಿಸಿ ಬರುವ ಫ್ಯಾಕ್ಟರಿಯವರಿಗೆ ಅನ್ನ, ಸಾರು ಬೇಗ ಆಗಬೇಕಿತ್ತು. ಭತ್ತದ ಹೊಟ್ಟನ್ನು ಒತ್ತಿ ಮಾಡಿದ ತುಂಡು ತುಂಡು ಪೆಲೆಟ್ ಕಾರಟಗಿಯಿಂದ ಚೀಲದಲ್ಲಿ ಬರುತ್ತಿತ್ತು. ಕಬ್ಬಿಣದ ಒಲೆಯೊಳಗೆ ಅದನ್ನು ಸುರಿದು, ಮೇಲೆ ನಾಲ್ಕು ಕಟ್ಟಿಗೆ ಚಕ್ಕೆ ಇಟ್ಟು, ಬೆಂಕಿ ಹಚ್ಚಿ ಒಲೆಗೇ ಜೋಡಿಸಿದ ಸಣ್ಣ ಫ್ಯಾನು ಹಾಕಿದರೆ ಉರಿ ಭುಗ್ಗನೆ ಏಳುತ್ತಿತ್ತು.

ಅತ್ತೆ ಮಾತ್ರ ಮೂಲೆಯ ಮಣ್ಣಿನ ಒಲೆ ಬಿಡಲಿಲ್ಲ. ರೊಟ್ಟಿ ಅಲ್ಲೇ. "ಕರೆಂಟ್ ಬೇಡೂ ಒಲಿ ಅದೆಂಥಾ ಒಲಿ?" ಎಂದು ಮೊದಲ ದಿನ ಅಂದವರು ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕೆಲವು ದಿನಗಳಿಂದ ಹೊಗೆ ಹೆಚ್ಚುತ್ತಿತ್ತು. ಒಂದು ಬೆಳಿಗ್ಗೆ ಒಲೆ ಹೊತ್ತಲೇ ಇಲ್ಲ. ಚಕ್ಕೆ ಉರಿದು ಬೂದಿಯಾದವು, ಪೆಲೆಟ್ ಕರ್ರಗಾಗಿ ಹೊಗೆಯಾಡಿತು, ಅಷ್ಟೇ.

ಮೊದಲು ಅನುಮಾನ ಬಂದದ್ದು ಕಾರಟಗಿಯ ವ್ಯಾಪಾರಿಯ ಮೇಲೆ. ತೇವದ ಮಾಲು ತುಂಬಿ ಕೊಟ್ಟಿದ್ದಾನೆ ಅಂದುಕೊಂಡೆ. ಒಂದು ತುಂಡು ಮುರಿದೆ, ಚಟ್ಟನೆ ಮುರಿಯಿತು. ಅತ್ತೆಯ ಒಲೆಗೆ ಒಂದು ಹಿಡಿ ಎಸೆದೆ, ಚೆನ್ನಾಗಿಯೇ ಹೊತ್ತಿತು. ಫ್ಯಾನು ಬಿಚ್ಚಿ ಮುಂದೆ ಕಾಗದ ಹಿಡಿದೆ, ಕಾಗದ ಪಟಪಟ ಬಡಿಯಿತು. ಮಾಲು ಸರಿ, ಫ್ಯಾನು ಸರಿ. ಹಾಗಾದರೆ?

ಅತ್ತೆ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತೀ, ಈ ಒಲಿಗೆ ಯಾರರ ಕೈ ಹಚ್ಯಾರೇನ್ರಿ?"

"ನಿನ್ನ ಒಲಿ. ನನಗೇನ್ ಕೇಳ್ತಿ?"

ಹೊರಗೆ ಬೆಂಚಿನ ಮೇಲೆ ಕೂತವರು ಕೂಗಿದರು: "ಅಕ್ಕಾರ, ಅನ್ನ ಆಗೂದು ತಡಾ ಆಗತೈತೇನ್ರಿ?" ಆ ದಿನ ಎಲ್ಲರಿಗೂ ರೊಟ್ಟಿ, ಪಲ್ಯವೇ. ಒಬ್ಬನಂತೂ, "ಮಣ್ಣಿನ ಒಲಿ ರೊಟ್ಟಿ ಭಾಳ ಛಲೋ ಅದಾವ್ರಿ" ಅಂದ. ಅತ್ತೆಯ ಮುಖದಲ್ಲಿ ಒಂದು ನಗು ಸುಳಿದು ಹೋದದ್ದನ್ನು ನಾನು ಕಂಡೆ. ಗಂಡನಿಗೆ ಹೇಳಿದರೆ, "ಅವ್ವನ ಮ್ಯಾಲ ಸಂಶೆ ಪಡ್ತಿಯಲ್ಲ, ಬುದ್ಧಿ ಐತೇನು?" ಎಂದು ಎದ್ದು ಹೋದರು.

ಮರುದಿನ ನಸುಕಿನಲ್ಲಿ, ನಿದ್ದೆ ಬಂದವಳಂತೆ ಮಲಗಿಯೇ ಕಿವಿ ಕೊಟ್ಟೆ. ಅಡುಗೆಮನೆಯಲ್ಲಿ ನೀರಿನ ಸದ್ದು, ಬಳೆಯ ಸದ್ದು. ಮೆಲ್ಲಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ತಮ್ಮ ಒಲೆ ಸಾರಿಸಿ ಮುಗಿಸಿ, ಸಾರಿಸಿದ ಕೆಸರಿನ ಬಟ್ಟಲನ್ನೇ ಹಿಡಿದು ನನ್ನ ಒಲೆಯ ಮುಂದೆ ಕೂತರು. ಮಣ್ಣಿಗೆ ಬೂದಿ ಕಲಸಿದ ಆ ಕೆಸರನ್ನು ಒಲೆಯ ಒಳಗೋಡೆಗೆ ಬೆರಳಿನಿಂದ ತಿದ್ದಿ ತಿದ್ದಿ ಬಳಿದರು. ಆಮೇಲೆ ಹೊರಗೆ ವಿಭೂತಿ ಎಳೆದು, ಕುಂಕುಮ ಇಟ್ಟು ಕೈ ಮುಗಿದರು.

"ಏನ್ ಮಾಡಾಕತ್ತೀರಿ?" ಅಂದೆ. ದನಿ ಜೋರಾಗಿಯೇ ಬಂತು.

ಅವರು ಬೆಚ್ಚಲಿಲ್ಲ. "ಸಾರಸಲಾರದ ಒಲಿ ಹಚ್ಚತಾರೇನ? ಒಳಗ ತುಂಬ ತೂತು ಬಿದ್ದಾವು ನೋಡು. ದಿನಾ ಒಂದೀಟು ಮುಚ್ಚಕೋಂತ ಬಂದೀನಿ."

ಆ ತೂತುಗಳೇ ಫ್ಯಾನಿನ ಗಾಳಿ ಉರಿಗೆ ತಲುಪುವ ದಾರಿ. ಒಣಗಿದ ಮೇಲೆ ಆ ಕೆಸರು ಬೂದಿಯ ಬಣ್ಣಕ್ಕೇ ತಿರುಗುತ್ತಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೊಳೆ ತಂದು ಒಂದೊಂದನ್ನೇ ಚುಚ್ಚಿ ಬಿಡಿಸಿದೆ. ಅತ್ತೆ ಪಕ್ಕದಲ್ಲೇ ಕೂತು ನೋಡಿದರು. ಬೆಂಕಿ ಹಚ್ಚಿ ಫ್ಯಾನು ಹಾಕಿದೆ. ಸ್ವಲ್ಪ ಹೊಗೆಯಾಡಿ, ಉರಿ ಮೊದಲಿನಂತೆ ಎದ್ದಿತು.

"ಹಂಗಾದ್ರ ತೂತು ಬೇಕೇ ಬೇಕೇನು?" ಎಂದರು.

"ಬೇಕ್ರಿ. ಒಳಗ ಮುಟ್ಟಬ್ಯಾಡ್ರಿ, ಹೊರಗ ಏನರ ಹಚ್ಚರಿ."

ಅಂದಿನಿಂದ ಅವರು ಹೊರಗಷ್ಟೇ ಸಾರಿಸುತ್ತಾರೆ. ಅವರಿಗೆ ತಿಳಿದಿರಲಿಲ್ಲ ಎಂದೇ ನಂಬಲು ನೋಡಿದೆ. ಆದರೆ ಸಣ್ಣವರಿದ್ದಾಗಿನಿಂದ ಊದುಗೊಳವೆ ಹಿಡಿದು ಹಸಿ ಕಟ್ಟಿಗೆ ಉರಿಸಿದ ಹೆಂಗಸು ಅವರು; ಉರಿಗೆ ಗಾಳಿ ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲವೇ? ಕುಂಕುಮ ಇಟ್ಟು ಕೈ ಮುಗಿದದ್ದನ್ನೂ ನಾನೇ ಕಂಡಿದ್ದೇನೆ. ಎರಡನ್ನೂ ಕೂಡಿಸಿ ನೋಡಿದರೆ ನನಗೆ ಇಂದಿಗೂ ಒಂದು ತೀರ್ಮಾನ ಸಿಗುವುದಿಲ್ಲ.

ಈಗಲೂ ಒಲೆ ಹಚ್ಚುವ ಮುಂಚೆ ಒಳಗೆ ಬೆರಳಾಡಿಸುತ್ತೇನೆ.

"ಏನ್ ಹುಡುಕತಿ?" ಎನ್ನುತ್ತಾರೆ ಅತ್ತೆ, ಹಿಟ್ಟು ನಾದುತ್ತ.

"ಬೂದಿ ಕಟ್ಟೇತೇನ ನೋಡಾಕತ್ತೀನ್ರಿ" ಎನ್ನುತ್ತೇನೆ.